ಬೀಳುವ ಕಾಳಿಗೂ ಒಂದು ಲೆಕ್ಕವಿದೆ

ಸಿಂಧನೂರಿನ ಒಂದು ರೈಸ್‌ಮಿಲ್ಲಿನಲ್ಲಿ ಕಲರ್ ಸಾರ್ಟರಿನ ಗಾಜಿಗೆ ಮುಖವೊಡ್ಡಿ ನಿಂತಾಗ ಹೊತ್ತು ಹೋದದ್ದೇ ತಿಳಿಯಲಿಲ್ಲ. ಪಾಲಿಶ್ ಆದ ಸೋನಾ ಮಸೂರಿ ಮೇಲಿನ ಹಾಪರಿನಿಂದ ಇಳಿಜಾರು ತಗಡಿನ ಮೇಲೆ ಜಾರಿ, ಒಂದರ ಮೇಲೊಂದು ಬೀಳದಂತೆ ತೆಳುವಾಗಿ ಹರಡಿಕೊಂಡು ಕೆಳಗೆ ಸುರಿಯುತ್ತದೆ. ಆ ಬೀಳುವ ಹಾದಿಯಲ್ಲಿ ಎಲ್‌ಇಡಿ ಬೆಳಕು. ಹಿಂದೊಂದು ಮುಂದೊಂದು ಸಾಲು ಕ್ಯಾಮೆರಾ. ಕಪ್ಪು ಚುಕ್ಕೆಯೋ ಹಳದಿ ಬಣ್ಣವೋ ಕಂಡಿತೆಂದರೆ, ಆ ಕಾಳು ಇನ್ನೊಂದು ಗೇಣು ಇಳಿಯುವುದರೊಳಗೆ ಸಣ್ಣ ರಂಧ್ರದಿಂದ ಗಾಳಿ ಚಿಮ್ಮಿ ಅದನ್ನು ಪಕ್ಕದ ಕೊಳವೆಗೆ ತಳ್ಳುತ್ತದೆ. ಆ ಟಿಕ್ ಟಿಕ್ ಎಲ್ಲ ಕೂಡಿ ತಗಡಿನ ಮೇಲೆ ಮಳೆ ಬಿದ್ದಂತೆ ಕೇಳಿಸುತ್ತದೆ. ಒಂದು ಕಿಲೋ ಸಣ್ಣಕ್ಕಿಯಲ್ಲೇ ಹತ್ತಾರು ಸಾವಿರ ಕಾಳುಗಳಿರುತ್ತವೆ. ಟನ್‌ಗಟ್ಟಲೆ ಅಕ್ಕಿ ಹೀಗೆ ಬಿಡಿಬಿಡಿಯಾಗಿ ಪರೀಕ್ಷೆಗೆ ಒಳಗಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೂ ನಂಬಲು ಕಷ್ಟ.

ಯಂತ್ರದ ಚರಿತ್ರೆ ಉದ್ದವಿಲ್ಲ. ಲಂಡನ್ನಿನ ಗನ್ಸನ್ಸ್ ಸಾರ್ಟೆಕ್ಸ್ 1947ರಿಂದ ಬೆಳೆಸಿದ ಈ ವಿದ್ಯೆ 1993ರಲ್ಲಿ ಸ್ವಿಟ್ಜರ್ಲೆಂಡಿನ ಬ್ಯೂಲರ್ ಕಂಪನಿಯ ಕೈಸೇರಿತು. ಈಗ ಯಾವ ಕಂಪನಿಯ ಯಂತ್ರದಲ್ಲಿ ಆರಿಸಿದ್ದಾದರೂ ಚೀಲದ ಮೇಲೆ ‘ಸಾರ್ಟೆಕ್ಸ್’ ಎಂಬ ಅಚ್ಚು ಬೀಳುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ರಿಜೆಕ್ಷನ್ ಚೀಲ. ಅದರೊಳಗೆ ಕೈಯಾಡಿಸಿದರೆ ಕಪ್ಪು ಕಾಳಿನ ಜೊತೆಗೆ ಸುಣ್ಣ ಬಳಿದಂಥ ಬೆಳ್ಳನೆಯ ಕಾಳೂ ಬಂತು. ಒಳ್ಳೆಯ ಕಾಳಿನಲ್ಲಿ ಪಿಷ್ಟದ ಕಣಗಳು ಒತ್ತಾಗಿ ಕೂತಿರುತ್ತವೆ, ಬೆಳಕು ಹಾದುಹೋಗುತ್ತದೆ, ಕಾಳು ಹೊಳೆಯುತ್ತದೆ. ಕಣಗಳು ಸಡಿಲವಾಗಿ ನಡುವೆ ಗಾಳಿ ಉಳಿದರೆ ಬೆಳಕು ಚದುರಿ ಕಾಳು ಸುಣ್ಣದಂತೆ ಕಾಣುತ್ತದೆ. ಕಾಳಿನಲ್ಲಿ ಹಾಲು ತುಂಬುವ ದಿನಗಳಲ್ಲಿ ಬಿಸಿಲು ವಿಪರೀತವಾದರೆ, ಅದರಲ್ಲೂ ರಾತ್ರಿಯ ಧಗೆ ಇಳಿಯದಿದ್ದರೆ ಇಂಥ ಕಾಳು ಹೆಚ್ಚುತ್ತದೆ. ರಾಯಚೂರು ಜಿಲ್ಲೆಯ ಬೇಸಿಗೆ ಭತ್ತ ಹಾಲು ತುಂಬುವುದು ಅಂಥ ಧಗೆಯ ದಿನಗಳಲ್ಲೇ. ಅಂದರೆ ಸುಣ್ಣಗಾಳು ಆ ಗದ್ದೆ ಕಂಡ ರಾತ್ರಿಗಳ ದಾಖಲೆ. ಇದು ಮಿಲ್ಲಿನಲ್ಲಿ ಬೇಗ ಮುರಿಯುತ್ತದೆ, ನಿಜ. ಆದರೆ ಬೇಯಿಸಿದ ಮೇಲೆ ಆ ಬಿಳುಪು ಉಳಿಯುವುದಿಲ್ಲ. ಅನ್ನವಾದರೆ ಗುರುತೇ ಸಿಗದ ಕಾಳನ್ನು ಇಷ್ಟು ಕಟ್ಟುನಿಟ್ಟಾಗಿ ಹೊರಗಟ್ಟುವುದು ನನಗೆ ಒಪ್ಪಿಗೆಯಿಲ್ಲ. ಯಂತ್ರ ನಡೆಸುವವರು ಮಾತ್ರ, ‘ಗಿರಾಕಿ ಮೊದ್ಲ ಕಣ್ಣಿಂದ ತಿಂತಾನ್ರಿ ಸರ’ ಎಂದರು.

ಇದೇ ಬಗೆಯ ಯೋಚನೆ ರಕ್ತದ ಪ್ರಯೋಗಾಲಯದಲ್ಲೂ ಇದೆ. 1965ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಮ್ಯಾಕ್ ಫುಲ್‌ವೈಲರ್, ಜೀವಕೋಶಗಳನ್ನು ಹನಿಗಳೊಳಗೆ ಸೇರಿಸಿ, ಬೇಕಾದ ಹನಿಗೆ ವಿದ್ಯುದಾವೇಶ ಕೊಟ್ಟು ಪಕ್ಕಕ್ಕೆ ಬಾಗಿಸಿದರು. ಮುಂದೆ ಸ್ಟ್ಯಾನ್‌ಫರ್ಡ್‌ನ ಲೆನ್ ಹರ್ಜನ್‌ಬರ್ಗ್ ತಂಡ ಅದಕ್ಕೆ ಬೆಳಕು ಬೀರುವ ಬಣ್ಣಗಳನ್ನೂ ಲೇಸರನ್ನೂ ಸೇರಿಸಿತು. ಒಂದೊಂದಾಗಿ ಹಾಯಿಸು, ಬೆಳಕಿನಲ್ಲಿ ನೋಡು, ಬೇಕಾದ್ದನ್ನು ಬೇರೆ ಮಾಡು: ಅಕ್ಕಿಗೂ ರಕ್ತಕಣಕ್ಕೂ ಉಪಾಯ ಒಂದೇ. ಎಚ್‌ಐವಿ ಚಿಕಿತ್ಸೆಯಲ್ಲಿ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಎಣಿಸುವ ಯಂತ್ರ ಈ ಬಳಗದ್ದೇ. ಆದರೆ ಅಲ್ಲಿ ಎಣಿಕೆ ರಿಪೋರ್ಟ್ ಆಗಿ ರೋಗಿಯ ಕೈಗೆ ಬರುತ್ತದೆ, ಡಾಕ್ಟರು ಅದನ್ನು ನೋಡಿ ಮಾತಾಡುತ್ತಾರೆ. ಇಲ್ಲಿ ಭತ್ತ ಬೆಳೆದವರಿಗೆ ಏನೂ ಬರುವುದಿಲ್ಲ.

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಇದೇ ತಲೆಯಲ್ಲಿ ಕೊರೆಯುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಹಸಿರು ಹಿಂದೆ ಸರಿದು ತೊಗರಿ, ಸಜ್ಜೆ, ಕಡಲೆಯ ನೆಲ ಎದುರಾಗುತ್ತದೆ. ಈ ವ್ಯತ್ಯಾಸ ಉಪಗ್ರಹಕ್ಕೂ ಕಾಣುತ್ತದೆ: ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಗೆಂಪನ್ನು ಹಿಂದಕ್ಕೆ ಎಸೆಯುತ್ತದೆ. ನೀರು ನಿಂತು ಸವಳಾದ ಗದ್ದೆಯಲ್ಲಿ ಉಪ್ಪು ಪದರುಗಟ್ಟಿದರೆ ಅದು ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಪ್ರಯೋಗದ ಹಂತ ದಾಟಿದ ಭಾರತದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರ ಮಾರ್ಚ್‌ನಲ್ಲೇ ಹಾರಿತು. ಮೇಲಿನಿಂದ ನೋಡುವ ಕಣ್ಣು ನಮಗೆ ಹೊಸದಲ್ಲ. ಆದರೆ ಕಾಳಿನೊಳಗಿನ ಸುಣ್ಣ ಆ ಎತ್ತರಕ್ಕೆ ಕಾಣದು. ಅದನ್ನು ಕಾಣಬಲ್ಲ ಕ್ಯಾಮೆರಾ ಮಿಲ್ಲಿನಲ್ಲಿದೆ.

ಹಾಗಾಗಿ ನಾನು ಕೇಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ಭತ್ತ ಇಳಿಸುವಾಗ ಊರು, ತಳಿ, ನಾಟಿ ಮಾಡಿದ ವಾರ ಬರೆದುಕೊಳ್ಳಬೇಕು. ಆ ಲಾಟನ್ನು ಬೇರೆ ಲಾಟಿನ ಜೊತೆ ಬೆರೆಸದೆ ಓಡಿಸಬೇಕು. ಕಪ್ಪು, ಹಳದಿ, ಸುಣ್ಣ ಎಷ್ಟೆಷ್ಟು ಹೊರಬಿತ್ತೆಂದು ತೂಗಿ ಒಂದು ಚೀಟಿ ಕೊಡಬೇಕು. ಬೆರೆಸದೆ ಓಡಿಸಲು ಮಿಲ್ಲಿನವರಿಗೆ ಹೊತ್ತು ಬೇಕು, ಅದಕ್ಕೆ ಯಾರಾದರೂ ಹಣ ಕೊಡಬೇಕು. 2009ರಲ್ಲಿ ಶುರುವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಬೇಸಿಗೆ ನಾಟಿಯನ್ನು ಒಂದೆರಡು ವಾರ ಮುಂಚೆಯೇ ಮಾಡಿದರೆ ಸುಣ್ಣಗಾಳು ಕಡಿಮೆಯಾಗುತ್ತದೆಯೇ ಎಂದು ತಿಳಿಯಲು, ಒಂದು ಹಂಗಾಮಿನ ಅಂಥ ಚೀಟಿಗಳಿಂದಲೇ ಶುರುಮಾಡಬಹುದು.