ಬಿಟ್‌ಕಾಯಿನ್‌ಗೆ ಕಾವಲು ಎಲ್ಲಿ?

2018ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಯುನೋಕಾಯಿನ್ ಕಂಪನಿ ಬಿಟ್‌ಕಾಯಿನ್ ಎಂಬ ಕ್ರಿಪ್ಟೊ (ಡಿಜಿಟಲ್) ನಾಣ್ಯದ ವಹಿವಾಟಿಗೆಂದು ಎಟಿಎಂ ಮಾದರಿಯ ಯಂತ್ರ ಇಟ್ಟಿತು. ಪೊಲೀಸರು ಅದನ್ನು ವಶಪಡಿಸಿಕೊಂಡರು. ಇಂದು ಕುಶಾಲನಗರದಲ್ಲಿ ಕುಳಿತು ಮೊಬೈಲಿನಲ್ಲೇ ಬಿಟ್‌ಕಾಯಿನ್ ಕೊಂಡರೆ ಅದು ಅಪರಾಧವಲ್ಲ. ಲಾಭ ಬಂದರೆ ಸರ್ಕಾರಕ್ಕೂ ಪಾಲುಂಟು.

ಬಿಟ್‌ಕಾಯಿನ್‌ಗೆ ಆಧಾರವಾದ ಬ್ಲಾಕ್‌ಚೈನ್ ಎಂದರೆ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೇ ಇರುವ ಲೆಕ್ಕದ ಪುಸ್ತಕ. ಬಿಟ್‌ಕಾಯಿನ್ ಪುಸ್ತಕಕ್ಕೆ ಸರಾಸರಿ 10 ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು, ಅಂದರೆ ‘ಹ್ಯಾಷ್’, ನಮೂದಾಗಿರುತ್ತದೆ. ಹಳೆಯ ಪುಟದ 100 ಅನ್ನು ಯಾರಾದರೂ 101 ಎಂದು ತಿದ್ದಿದರೆ ಆ ಗುರುತೇ ಬೇರೆಯಾಗುತ್ತದೆ. ಮುಂದಿನ ಪುಟದೊಂದಿಗೆ ತಾಳೆಯಾಗದೆ ತಿದ್ದುಪಡಿ ಬಯಲಾಗುತ್ತದೆ.

ಬಿಟ್‌ಕಾಯಿನ್ ಪುಸ್ತಕಕ್ಕೆ ಒಡೆಯನಿಲ್ಲ, ಕಚೇರಿಯಿಲ್ಲ. ಯಾವ ಸರ್ಕಾರವೂ ಅದನ್ನು ಮುಚ್ಚಿಸಲಾರದು. ಆದರೆ ರೂಪಾಯಿ ಕೊಟ್ಟು ಬಿಟ್‌ಕಾಯಿನ್ ಪಡೆಯುವ, ಮಾರಿ ರೂಪಾಯಿ ಮಾಡಿಕೊಳ್ಳುವ ಎಕ್ಸ್‌ಚೇಂಜ್‌ಗಳಿಗೆ ವಿಳಾಸವಿದೆ, ಬ್ಯಾಂಕ್ ಖಾತೆಯಿದೆ. ಸರ್ಕಾರದ ಕಣ್ಣು ಅಲ್ಲಿ.

2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಇಂಥ ವಹಿವಾಟಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಸೂಚಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. 2022ರಲ್ಲಿ ತೆರಿಗೆ ಬಂತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು. ಗ್ರಾಹಕರ ಗುರುತು ಪರಿಶೀಲಿಸುವುದು, ಅನುಮಾನಾಸ್ಪದ ವಹಿವಾಟನ್ನು ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸುವುದು ಈಗ ಅವುಗಳ ಹೊಣೆ.

ತೆರಿಗೆಯ ಬಿಗಿ ಎಷ್ಟೆಂದು ನೋಡಿ. ಬಿಟ್‌ಕಾಯಿನ್‌ನಲ್ಲಿ 50,000 ರೂಪಾಯಿ ಲಾಭ, ಈಥರ್ ಎಂಬ ಇನ್ನೊಂದು ಕ್ರಿಪ್ಟೊ ನಾಣ್ಯದಲ್ಲಿ ಅಷ್ಟೇ ನಷ್ಟವಾಯಿತೆನ್ನಿ. ಕೈಗೆ ಬಂದದ್ದು ಸೊನ್ನೆ. ಆದರೆ ನಷ್ಟವನ್ನು ಲಾಭದಲ್ಲಿ ಕಳೆಯುವಂತಿಲ್ಲ. 50,000ಕ್ಕೆ ಶೇ 30ರಂತೆ 15,000 ರೂಪಾಯಿ, ಮೇಲೆ ಸೆಸ್, ಕಟ್ಟಲೇಬೇಕು.

ಇಷ್ಟು ಕಟ್ಟಿದವನ ದುಡ್ಡಿಗೆ ರಕ್ಷಣೆ? 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳವಾಯಿತು. ಲೆಕ್ಕದ ಪುಸ್ತಕ ಕೆಡಲಿಲ್ಲ. ಬಯಲಾದದ್ದು ನಾಣ್ಯಗಳನ್ನು ಕಾಯ್ದಿಡುವ ವ್ಯವಸ್ಥೆಯ ದೌರ್ಬಲ್ಯ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ, ಕ್ರಿಪ್ಟೊಗೆ ಅದಿಲ್ಲ. ಎಕ್ಸ್‌ಚೇಂಜ್ ಸರ್ಕಾರದಲ್ಲಿ ನೋಂದಣಿಯಾಗಿದೆ ಎಂಬ ಮಾತನ್ನು ಭದ್ರತೆಯ ಭರವಸೆ ಎಂದು ನಂಬಬೇಡಿ. ತೆರಿಗೆ ವಸೂಲಿಗೆ ತೋರಿದ ಚುರುಕನ್ನು ಸರ್ಕಾರ ಗ್ರಾಹಕರ ರಕ್ಷಣೆಗೂ ತೋರಬೇಕು: ಎಕ್ಸ್‌ಚೇಂಜ್ ಬಳಿ ಗ್ರಾಹಕರ ನಾಣ್ಯಗಳು ನಿಜಕ್ಕೂ ಇವೆಯೇ ಎಂಬ ಕಡ್ಡಾಯ ತಪಾಸಣೆ, ಕಳವಾದರೆ ಹೊಣೆ ಯಾರದೆಂಬ ಸ್ಪಷ್ಟ ಕಾನೂನು ಬೇಕು.