ಚಾಲಕ ಖುಲಾಸೆಯಾದರೂ ಪರಿಹಾರದ ಹಕ್ಕು ಉಳಿಯುತ್ತದೆ

ಹಾನಗಲ್ ತಾಲೂಕಿನ ಒಂದು ರೈತ ಕುಟುಂಬವನ್ನು ಊಹಿಸಿಕೊಳ್ಳೋಣ. ದುಡಿಯುವ ಮಗ ರಸ್ತೆ ಅಪಘಾತದಲ್ಲಿ ಮೃತಪಟ್ಟಿದ್ದಾನೆ. ಪೊಲೀಸರು ಲಾರಿ ಚಾಲಕನ ಮೇಲೆ ದೋಷಾರೋಪಣೆ ಸಲ್ಲಿಸುತ್ತಾರೆ, ಸಾಕ್ಷಿದಾರರು ಪ್ರತಿಕೂಲರಾಗುತ್ತಾರೆ, ನ್ಯಾಯಾಲಯ ಚಾಲಕನನ್ನು ಖುಲಾಸೆಗೊಳಿಸುತ್ತದೆ. ‘ಕೇಸೇ ಬಿದ್ದುಹೋಯಿತು, ಇನ್ನು ಪರಿಹಾರವೆಲ್ಲಿಯದು?’ ಎಂದು ಮನೆಯವರು ಕೈಚೆಲ್ಲಿ ಕೂರುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಈ ನಿರಾಶೆಗೆ ಆಧಾರವಿಲ್ಲ.

ಒಂದೇ ಅಪಘಾತದಿಂದ ಎರಡು ಬೇರೆ ಬೇರೆ ಮೊಕದ್ದಮೆಗಳು ಹುಟ್ಟುತ್ತವೆ. ಮೊದಲನೆಯದು ಚಾಲಕನನ್ನು ಶಿಕ್ಷಿಸಲು ಸರ್ಕಾರ ನಡೆಸುವ ಕ್ರಿಮಿನಲ್ ಪ್ರಕರಣ. 2024ರ ಜುಲೈ 1ಕ್ಕೆ ಮುಂಚಿನ ಸಾವಿನ ಪ್ರಕರಣಗಳಿಗೆ ಭಾರತೀಯ ದಂಡ ಸಂಹಿತೆಯ 304ಎ ಕಲಮು, ಅನಂತರದವಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಅನ್ವಯಿಸುತ್ತದೆ. ಇಲ್ಲಿ ಅಪರಾಧವು ಸಂಶಯಾತೀತವಾಗಿ ಸಾಬೀತಾಗಬೇಕು. ಎರಡನೆಯದು 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ನೊಂದವರೇ ಸಲ್ಲಿಸುವ ಪರಿಹಾರದ ಅರ್ಜಿ. ಚಾಲಕನ ನಿರ್ಲಕ್ಷ್ಯವೇ ಕಾರಣವಾಗಿರುವ ಸಂಭವ ಹೆಚ್ಚು ಎಂದು ಕಂಡರೆ ಇಲ್ಲಿ ಸಾಕು.

ಎನ್.ಕೆ.ವಿ. ಬ್ರದರ್ಸ್ ಪ್ರಕರಣದಲ್ಲಿ 1980ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಜೋತುಬಿದ್ದಿದ್ದ ವಿದ್ಯುತ್ ತಂತಿಗೆ ಬಸ್ಸು ತಗುಲಿ 8 ಮಂದಿ ಸ್ಥಳದಲ್ಲೇ ಸತ್ತಿದ್ದರು. ಅದು ದೈವಘಟನೆಯೆಂದು ಚಾಲಕ ಖುಲಾಸೆಯಾಗಿದ್ದ. ಆದರೂ ಬಸ್ಸಿನ ಮಾಲೀಕರು ಹೊಣೆಯಿಂದ ಪಾರಾಗಲಿಲ್ಲ. ಶಿಕ್ಷೆಗೆ ಬೇಕಾದ ದುಡುಕು ಪರಿಹಾರಕ್ಕೆ ಬೇಕಾದ ನಿರ್ಲಕ್ಷ್ಯಕ್ಕಿಂತ ತೀವ್ರತರವಾದದ್ದು ಎಂಬುದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ವಿವೇಚನೆಯಾಗಿತ್ತು. ಕರ್ನಾಟಕ ಹೈಕೋರ್ಟು ವಿನೋಬಾಬಾಯಿ ಪ್ರಕರಣದಲ್ಲಿ ಇನ್ನೂ ಮುಂಚೆಯೇ ಇದೇ ನಿಲುವು ತಳೆದಿತ್ತು: ಚಾಲಕನಿಗೆ ಶಿಕ್ಷೆಯಾದರೆ ಅದು ನಿರ್ಲಕ್ಷ್ಯಕ್ಕೆ ಮೇಲ್ನೋಟದ ಪುರಾವೆ; ಖುಲಾಸೆಯಾದರೆ ನಿರ್ಲಕ್ಷ್ಯವಿರಲಿಲ್ಲವೆಂದು ಸಾಬೀತಾಗುವುದಿಲ್ಲ. 2018ರ ಮಂಗಲಾರಾಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ತತ್ವವನ್ನು ಪುನರುಚ್ಚರಿಸಿತು.

ಹಾಗೆಂದು ಪರಿಹಾರ ತಾನಾಗಿ ಕೈಸೇರದು. ಸ್ಥಳ ಪಂಚನಾಮೆ, ನಕ್ಷೆ, ವಾಹನ ನಿರೀಕ್ಷಕರ ವರದಿ, ಮರಣೋತ್ತರ ಪರೀಕ್ಷೆಯ ವರದಿ, ಕಣ್ಣಾರೆ ಕಂಡವರ ಹೇಳಿಕೆ – ಇವುಗಳಿಂದ ನಿರ್ಲಕ್ಷ್ಯವನ್ನು ತೋರಿಸಬೇಕು. ಮೃತನ ತಪ್ಪೂ ಇದ್ದರೆ ಮೊತ್ತ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಯಾರ ತಪ್ಪೆಂದು ತೋರಿಸಲಾಗದವರಿಗೆ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ನಿಗದಿಯಾಗಿದೆ. ಆದರೆ ಅದನ್ನು ಸ್ವೀಕರಿಸಿದರೆ 166ರ ಅರ್ಜಿ ರದ್ದಾಗುತ್ತದೆಂಬುದು ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲಮಿತಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಮಿತಿಯು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಯಿತು. ಆದರೂ ಅದನ್ನೇ ನಂಬಿ ಕೂರುವುದು ಜಾಣತನವಲ್ಲ. ಕ್ರಿಮಿನಲ್ ಪ್ರಕರಣ ಇತ್ಯರ್ಥವಾಗಲು ವರ್ಷಗಳೇ ಹಿಡಿಯಬಹುದು. ಅದರ ತೀರ್ಪಿಗಾಗಿ ಕಾಯಬೇಕಾದ ಅಗತ್ಯವಿಲ್ಲ.

ಅಪಘಾತ ಬೆಂಗಳೂರು ಹೆದ್ದಾರಿಯಲ್ಲೇ ಆಗಿರಲಿ, ವಾರಸುದಾರರು ತಮ್ಮ ವಾಸಸ್ಥಳದ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಅರ್ಜಿ ಸಲ್ಲಿಸಬಹುದು. ವಕೀಲರ ಶುಲ್ಕ ಭರಿಸಲಾಗದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ದೊರೆಯುತ್ತದೆ.