ಒಂದು ದಿನದ ದಾಂಡು, ಒಂದು ಬಾಳಿನ ಲೆಕ್ಕ

ಒಬ್ಬ ಆಟಗಾರನ ಬಾಳಿನಲ್ಲಿ ಒಂದೇ ಒಂದು ದಿನ ಅಸಾಧಾರಣವಾಗಿ ಬೆಳಗಿ, ಉಳಿದ ದಿನಗಳೆಲ್ಲ ಸಾಧಾರಣವಾಗಿ ಕಳೆದುಹೋದರೆ ಅವನನ್ನು ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು? ಆ ಒಂದು ದಿನದಿಂದಲೋ, ಉಳಿದ ದಿನಗಳಿಂದಲೋ? ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಬಹು ಸ್ಪಷ್ಟವಾಗಿ ಇಟ್ಟವನು ಅಮೆರಿಕದ ಮುಷ್ಟಿಮಲ್ಲ ಬಸ್ಟರ್ ಡಗ್ಲಸ್. 1990ರ ಫೆಬ್ರವರಿ 11ರಂದು ಟೋಕಿಯೋ ನಗರದಲ್ಲಿ ಅವನು ಮೈಕ್ ಟೈಸನ್ನನನ್ನು ಎದುರಿಸಿದನು. ಅಂದಿನವರೆಗೆ ಟೈಸನ್ ಆಡಿದ 37 ಸ್ಪರ್ಧೆಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಎಂಟನೆಯ ಸುತ್ತಿನಲ್ಲಿ ನೆಲಕ್ಕುರುಳಿದ ಡಗ್ಲಸ್ ಎದ್ದು ನಿಂತು, ಹತ್ತನೆಯ ಸುತ್ತಿನಲ್ಲಿ ಟೈಸನ್ನನನ್ನೇ ಕೆಡವಿ ಜಗಜಟ್ಟಿಯೆನಿಸಿದನು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಹೋಲಿಫೀಲ್ಡ್ ಎಂಬವನು ಮೂರನೆಯ ಸುತ್ತಿನಲ್ಲಿಯೇ ಅವನನ್ನು ಸೋಲಿಸಿ ಪದವಿಯನ್ನು ಕಿತ್ತುಕೊಂಡನು. ಡಗ್ಲಸನ ಕೀರ್ತಿ ಎಂಟು ತಿಂಗಳಲ್ಲಿ ಮುಗಿಯಿತು.

ನಮ್ಮ ನಾಡಿನವನೇ ಆದ ಒಬ್ಬ ಕ್ರೀಡಾಪಟುವಿನ ಚರಿತ್ರೆ ಇದೇ ಪ್ರಶ್ನೆಯನ್ನು ಇನ್ನಷ್ಟು ಹತ್ತಿರಕ್ಕೆ ತರುತ್ತದೆ. ಆತನು ಮುಷ್ಟಿಮಲ್ಲನಲ್ಲ, ಕ್ರಿಕೆಟ್ ಆಟಗಾರ. ಹೆಸರು ಬುಧಿಸಾಗರ ಕೃಷ್ಣಪ್ಪ ಕುಂದರನ್. ಜನರ ಬಾಯಲ್ಲಿ ಬುಧಿ ಕುಂದರನ್. 1939ರ ಅಕ್ಟೋಬರ್ 2ರಂದು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಹುಟ್ಟಿದ ಈತನು ಬೆಳೆದದ್ದು ಮುಂಬಯಿಯಲ್ಲಿ. ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ಮನೆತನಗಳ ಮಕ್ಕಳು ನಮ್ಮ ಶಾಲೆಗಳಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ನೆನೆದರೆ ಆತನು ನಮಗೆ ದೂರದವನೆಂದು ತೋರುವುದಿಲ್ಲ.

ಕುಂದರನ್ ಗೂಟರಕ್ಷಕ, ಎಂದರೆ ವಿಕೆಟ್ ಕೀಪರ್. 1960ರ ಜನವರಿ 1ರಂದು ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ವಿರುದ್ಧ ಆರಂಭವಾದ ಟೆಸ್ಟ್ ಪಂದ್ಯದಲ್ಲಿ ಭಾರತದ ಪರವಾಗಿ ಮೊದಲ ಬಾರಿಗೆ ಆಡಿದಾಗ ಆತನಿಗೆ ವಯಸ್ಸು ಇಪ್ಪತ್ತು. ಅಲ್ಲಿಯವರೆಗೆ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ! ಕೈಗವಸುಗಳು ಕೂಡ ಸ್ವಂತದವಲ್ಲ. ಹಿರಿಯ ಗೂಟರಕ್ಷಕರಾದ ನರೇನ್ ತಾಮ್ಹಾಣೆಯವರಿಂದ ಎರವಲು ಪಡೆದವು. ಆದರೂ ಮುಂದಿನ ಪಂದ್ಯದಲ್ಲಿ, ಮದ್ರಾಸಿನಲ್ಲಿ, ಭಾರತ ತಂಡವು 149 ಓಟಗಳಿಗೆ ಮುಗ್ಗರಿಸಿದಾಗ ಅವುಗಳಲ್ಲಿ 71 ಈತನವಾಗಿದ್ದವು. ಅನಂತರ ರೈಲ್ವೇಸ್ ತಂಡದ ಪರವಾಗಿ ತನ್ನ ಮೊದಲ ರಣಜಿ ಪಂದ್ಯದಲ್ಲಿಯೇ 205 ಓಟ ಹೊಡೆದನು.

ಇಷ್ಟಾದರೂ ತಂಡದಲ್ಲಿ ಆತನ ಸ್ಥಾನ ಭದ್ರವಾಗಲಿಲ್ಲ. ಇದಕ್ಕೆ ಕಾರಣವುಂಟು. ದಾಂಡಿಗರಿಗೆ ತಂಡದಲ್ಲಿ ಐದಾರು ಸ್ಥಳಗಳಿದ್ದರೆ ಗೂಟರಕ್ಷಕನಿಗೆ ಇರುವುದು ಒಂದೇ ಸ್ಥಳ. 1961ರ ಡಿಸೆಂಬರಿನಲ್ಲಿ ಫರೂಖ್ ಇಂಜಿನಿಯರ್ ಎಂಬ ಮತ್ತೊಬ್ಬ ಸಮರ್ಥ ಗೂಟರಕ್ಷಕನು ಟೆಸ್ಟ್ ಆಟಕ್ಕೆ ಕಾಲಿಟ್ಟನು. ಅಂದಿನಿಂದ ಒಬ್ಬನು ಒಳಗಿದ್ದರೆ ಸಾಮಾನ್ಯವಾಗಿ ಇನ್ನೊಬ್ಬನು ಹೊರಗೆ.

1964ರ ಜನವರಿಯಲ್ಲಿ ಇಂಗ್ಲೆಂಡ್ ತಂಡವು ಮದ್ರಾಸಿಗೆ ಬಂದಾಗ ಇಂಜಿನಿಯರ್ ಆಡಲಾಗದೆ ಹೋದುದರಿಂದ ಕುಂದರನನಿಗೆ ಕರೆ ಬಂದಿತು. ಜನವರಿ 10, ಪಂದ್ಯದ ಮೊದಲ ದಿನ. ಇನಿಂಗ್ಸನ್ನು ಆರಂಭಿಸಲು ಇಳಿದ ಆತನು ಸಂಜೆಯವರೆಗೂ ಔಟಾಗದೆ ಉಳಿದನು. ಆಟ ನಿಂತಾಗ ಆತನ ಮೊತ್ತ 170! ಮರುದಿನ 192ಕ್ಕೆ ಆತನ ಆಟ ಮುಗಿಯಿತು. ದ್ವಿಶತಕಕ್ಕೆ ಎಂಟು ಓಟಗಳ ಕೊರತೆ. ಇಂದು ಬಂದು ನಾಳೆ ಹೋಗಬಹುದಾದ ಅತಿಥಿಯಂತೆ ತಂಡಕ್ಕೆ ಸೇರಿದವನು ಒಂದೇ ಹಗಲಿನಲ್ಲಿ ದೇಶದ ಮಾತಾದನು. ಭಾರತದ ಗೂಟರಕ್ಷಕನೊಬ್ಬನು ಟೆಸ್ಟ್ ಪಂದ್ಯದಲ್ಲಿ ಗಳಿಸಿದ ಅತ್ಯಧಿಕ ಮೊತ್ತವೆಂಬ ಈ ದಾಖಲೆಯು 49 ವರ್ಷ ನಿಂತಿತು. 2013ರ ಫೆಬ್ರವರಿಯಲ್ಲಿ ಮಹೇಂದ್ರಸಿಂಗ್ ಧೋನಿ 224 ಓಟ ಗಳಿಸಿ ಅದನ್ನು ಮುರಿದನು. ಅದೂ ಅದೇ ನಗರದಲ್ಲಿಯೇ.

ಆ ಸರಣಿಯ ಐದು ಪಂದ್ಯಗಳಲ್ಲಿಯೂ ಕುಂದರನ್ ಆಡಿದನು. ದೆಹಲಿಯಲ್ಲಿ ಸರಿಯಾಗಿ 100, ಕಾನ್ಪುರದಲ್ಲಿ 55. ಒಟ್ಟು 525 ಓಟಗಳು. ಇನ್ನು ಈತನ ಸ್ಥಾನವನ್ನು ಅಲುಗಿಸುವವರು ಯಾರು ಎಂದು ಎಲ್ಲರೂ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ನಡೆದದ್ದೇ ಬೇರೆ. ಅದೇ ವರ್ಷ ಆಸ್ಟ್ರೇಲಿಯ ತಂಡವು ಬಂದಾಗ ಮೂರು ಟೆಸ್ಟುಗಳಲ್ಲಿಯೂ ಗೂಟಗಳ ಹಿಂದೆ ನಿಂತವನು ಇಂದ್ರಜಿತ್‌ಸಿಂಹಜಿ. ಕುಂದರನ್ ಮರಳಿ ಟೆಸ್ಟ್ ಆಡಿದ್ದು 1966ರ ಡಿಸೆಂಬರಿನಲ್ಲಿ. 1967ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಮೈದಾನದಲ್ಲಿ ಭಾರತವು 110ಕ್ಕೆ ಕುಸಿದಾಗ ಆತನು 47 ಓಟ ಗಳಿಸಿದನು. ಬರ್ಮಿಂಗ್‌ಹ್ಯಾಮಿನಲ್ಲಿ ವೇಗದ ಚೆಂಡೆಸೆತಗಾರರಿಲ್ಲದೆ, ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ ಪಟುಗಳನ್ನೇ ನಂಬಿ ತಂಡವು ಇಳಿದಾಗ, ಹೊಸ ಚೆಂಡನ್ನು ಎಸೆಯುವ ಕೆಲಸವೂ ಈ ಗೂಟರಕ್ಷಕನ ಪಾಲಿಗೆ ಬಂದಿತು. ಅದೇ ಆತನ ಕೊನೆಯ ಟೆಸ್ಟ್. ಮದ್ರಾಸಿನ ಸರಣಿಗೆ ಮೊದಲು ಒಂಬತ್ತು, ಆ ಸರಣಿಯಲ್ಲಿ ಐದು, ಆಮೇಲೆ ಕೇವಲ ನಾಲ್ಕು: ಹೀಗೆ ಒಟ್ಟು 18 ಪಂದ್ಯಗಳು.

ಈಗ ಲೆಕ್ಕಕ್ಕೆ ಬರೋಣ. 18 ಪಂದ್ಯಗಳಲ್ಲಿ ಕುಂದರನ್ ಗಳಿಸಿದ ಓಟಗಳು 981. ಔಟಾದದ್ದು 30 ಸಲ. ಭಾಗಿಸಿದರೆ ಸರಾಸರಿ 32.70. ಆ ಒಂದು 192ನ್ನು ತೆಗೆದುಬಿಟ್ಟರೆ 29 ಸಲಕ್ಕೆ 789 ಓಟ ಉಳಿದು ಸರಾಸರಿ ಸುಮಾರು 27ಕ್ಕೆ ಇಳಿಯುತ್ತದೆ. ಆ ಸರಣಿಯನ್ನೇ ತೆಗೆದರೆ 13 ಪಂದ್ಯಗಳಲ್ಲಿ 456 ಓಟ, ಸರಾಸರಿ 22.80. ಎಂದರೆ ಈತನ ಟೆಸ್ಟ್ ಓಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಸರಣಿಯಲ್ಲಿಯೂ, ಸುಮಾರು ಐದರಲ್ಲೊಂದು ಪಾಲು ಒಂದೇ ಇನಿಂಗ್ಸಿನಲ್ಲಿಯೂ ಬಂದವು.

ಇದಕ್ಕೆ ಪ್ರತಿಯಾಗಿ ಬೆಂಗಳೂರಿನ ಅನಿಲ್ ಕುಂಬ್ಳೆಯನ್ನು ನೋಡಿರಿ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟುಗಳನ್ನು 74 ಓಟಗಳಿಗೆ ಆತನೊಬ್ಬನೇ ಉರುಳಿಸಿದನು. ಅಂತಹ ದಿನ ಶತಮಾನಕ್ಕೆ ಒಂದೆರಡು. ಆದರೂ ಅದನ್ನು ಲೆಕ್ಕದಿಂದ ತೆಗೆದುಹಾಕಿದರೆ ಕುಂಬ್ಳೆಯ 619 ವಿಕೆಟುಗಳಲ್ಲಿ 609 ಉಳಿದೇ ಉಳಿಯುತ್ತವೆ. ಆತನ ದೊಡ್ಡ ದಿನವು ಸಹ್ಯಾದ್ರಿಯ ಸಾಲಿನಲ್ಲಿ ಒಂದು ಶಿಖರ. ಕುಂದರನನದು ಬಯಲಿನ ನಡುವೆ ತಟ್ಟನೆ ಎದ್ದು ನಿಂತ ಬೆಟ್ಟ.

ಹಾಗಾದರೆ ಬಯಲೇ ನಿಜ, ಬೆಟ್ಟ ಆಕಸ್ಮಿಕ ಎನ್ನೋಣವೇ? ಇಲ್ಲಿಯೇ ಸರಾಸರಿಯೆಂಬುದು ನಮ್ಮನ್ನು ದಾರಿ ತಪ್ಪಿಸುವುದು. ನಮ್ಮ ಘೋಡಬಂದರ್ ರಸ್ತೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿರಿ. ಮಾಜಿವಾಡೆಯಿಂದ ಹೊರಟ ಬಸ್ಸು ಕಾಪೂರಬಾವಡಿಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿ ನಿಲ್ಲುತ್ತದೆ. ತೆರವಾದ ಕಡೆ ವೇಗವಾಗಿ ಓಡುತ್ತದೆ. ಗಾಯಮುಖದ ಏರಿನಲ್ಲಿ ಮತ್ತೆ ತೆವಳುತ್ತದೆ. ಒಟ್ಟು ದೂರವನ್ನು ಒಟ್ಟು ಹೊತ್ತಿನಿಂದ ಭಾಗಿಸಿದರೆ ಒಂದು ವೇಗ ದೊರೆಯುವುದೇನೋ ನಿಜ. ಆದರೆ ಬಸ್ಸು ಆ ವೇಗದಲ್ಲಿ ಓಡಿದ್ದು ಅಪರೂಪ. ಎಲ್ಲಿ ನಿಂತಿತು, ಏಕೆ ನಿಂತಿತು, ದಾರಿ ಸಿಕ್ಕಾಗ ಎಷ್ಟು ಓಡಬಲ್ಲದು ಎಂಬುದನ್ನು ಆ ಅಂಕಿ ಹೇಳದು.

ಕುಂದರನನ ಸರಾಸರಿಯೂ ಹಾಗೆಯೇ. ಗೂಟರಕ್ಷಕನು ಪ್ರತಿಯೊಂದು ಎಸೆತಕ್ಕೂ ಕುಕ್ಕರಿಸಿ ಏಳಬೇಕು, ಒಂದು ಚೆಂಡನ್ನೂ ಮರೆಯುವಂತಿಲ್ಲ. ಹಾಗೆ ದಿನವಿಡೀ ದುಡಿದ ಮೇಲೆ ಕೂಡಲೇ ದಾಂಡು ಹಿಡಿದು ಮೊದಲಿಗನಾಗಿ ಇಳಿಯುವುದು ಬಲು ಕಷ್ಟದ ಕೆಲಸ. ಅದರ ಮೇಲೆ, ಏಳೂವರೆ ವರ್ಷಗಳಲ್ಲಿ ಆತನಿಗೆ ಪೂರ್ಣವಾಗಿ ಐದು ಪಂದ್ಯಗಳು ಒಂದೇ ಸಾಲಿನಲ್ಲಿ ದೊರೆತ ಸರಣಿಯೊಂದೇ. ಅದರಲ್ಲಿಯೇ ಆತನು 525 ಓಟ ಗಳಿಸಿದನೆಂಬುದನ್ನು ಮರೆಯಬಾರದು. ಅವಕಾಶ ಹೆಚ್ಚು ಸಿಕ್ಕಿದ್ದರೆ ಇನ್ನೂ ಹೆಚ್ಚು ಗಳಿಸುತ್ತಿದ್ದನೆಂದು ನಾವು ಖಂಡಿತವಾಗಿ ಹೇಳಲಾರೆವು. ಆದರೆ ಅವಕಾಶದ ಲೆಕ್ಕವನ್ನು ಬಿಟ್ಟು ಓಟಗಳ ಲೆಕ್ಕವನ್ನಷ್ಟೇ ಮಾಡುವುದು ನ್ಯಾಯವಲ್ಲ.

ಅದೇ ಮದ್ರಾಸ್ ಪಂದ್ಯದಲ್ಲಿ ಇನ್ನೊಂದು ಅದ್ಭುತವೂ ನಡೆಯಿತು. ಬಾಪು ನಾಡಕರ್ಣಿ ಇಂಗ್ಲೆಂಡಿನವರಿಗೆ 32 ಓವರು ಎಸೆದು ಕೊಟ್ಟದ್ದು ಐದೇ ಓಟ. ಅದರಲ್ಲಿ ಸತತವಾಗಿ 21 ಓವರುಗಳಲ್ಲಿ ಒಂದು ಓಟವೂ ಇಲ್ಲ. ಆದರೆ ಆತನಿಗೆ ಆ ಇನಿಂಗ್ಸಿನಲ್ಲಿ ಒಂದು ವಿಕೆಟೂ ಬೀಳಲಿಲ್ಲ, ಪಂದ್ಯವೂ ಡ್ರಾ ಆಯಿತು. ದೊಡ್ಡ ದಿನವೆಂಬುದು ಗೆಲುವನ್ನು ತಂದೇ ತರುವುದೆಂಬ ನಿಯಮವಿಲ್ಲ.

ಕುಂದರನ್ ರಣಜಿಯಲ್ಲಿ ಮೈಸೂರು ತಂಡದ ಪರವಾಗಿಯೂ ಆಡಿದನು. ಬಳಿಕ ಸ್ಕಾಟ್ಲೆಂಡಿಗೆ ಹೋಗಿ ನೆಲಸಿ, ಆ ದೇಶದ ತಂಡದಲ್ಲಿಯೂ ಆಡಿ, 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ತೀರಿಕೊಂಡನು. ಮದ್ರಾಸಿನ ಬಳಿಕವೂ ದಶಕಗಳ ಕಾಲ ಆತನು ಆಟವನ್ನು ಬಿಡಲಿಲ್ಲವೆಂಬುದು ಗಮನಿಸತಕ್ಕ ಮಾತು.

ಆದುದರಿಂದ ಕುಂದರನನ ವಿಷಯದಲ್ಲಿ ಎರಡು ಅಂಕಿಗಳನ್ನೂ ಒಟ್ಟಿಗೇ ನೆನಪಿಡಬೇಕು. 32.70 ಎಂಬುದು ಆತನು ಸಾಮಾನ್ಯವಾಗಿ ಏನು ಮಾಡಿದನೆಂಬುದನ್ನು ತಿಳಿಸುತ್ತದೆ. 192 ಎಂಬುದು ಆತನಲ್ಲಿ ಏನಿತ್ತೆಂಬುದನ್ನು ತಿಳಿಸುತ್ತದೆ. ಪರೀಕ್ಷೆಯ ಒಂದು ಪತ್ರಿಕೆಯಲ್ಲಿ ಬಂದ ಅಂಕದಿಂದಲೇ ಸಹಪಾಠಿಯನ್ನು ಹೊಗಳುವಾಗಲೂ ತೆಗಳುವಾಗಲೂ ಈ ಎರಡು ಅಂಕಿಗಳು ನಮ್ಮ ನೆನಪಿಗೆ ಬರಲಿ.